ಸವಾಲ ಕಾಕಾನ ಒತ್ತಕ್ಷರ

ಹೊಸ ಪೆನ್ನು ಕೈಗೆ ಬಂದರೆ ಜನ ಏನು ಬರೆದು ನೋಡುತ್ತಾರೆ? ಭಕ್ತರು ‘ಶ್ರೀ’ ಬರೆಯುತ್ತಾರೆ. ಸಾಲಿ ಹುಡುಗರು ತಮ್ಮ ಹೆಸರು ಬರೆಯುತ್ತಾರೆ. ನೌಕರದಾರರು ಸಹಿ ಹೊಡೆಯುತ್ತಾರೆ. ನಾನು ‘ಮಂಗ್ಯಾನ ಮಗನ’ ಎಂದು ಬರೆಯುತ್ತೇನೆ. ಮೊನ್ನೆ ಬಾಗೇವಾಡಿಯ ಒಂದು ಅಂಗಡಿಯಲ್ಲಿ ಹೀಗೇ ಬರೆದೆ. ಅಂಗಡಿಯವನು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿ, ‘ಇದು ನಂಗೇನ್ರಿ ಅಕ್ಕೋರ?’ ಅಂದ. ಕನ್ನಡ ಕಲಿಸುವ ಹೆಣ್ಣುಮಗಳು ನಾನು, ತಲೆ ಅರ್ಧ ಬೆಳ್ಳಗಾಗಿದೆ, ಬರೆದದ್ದು ನೋಡಿದರೆ ಇಂಥ ಬೈಗುಳ. ‘ನಿಮಗಲ್ರಿ, ಪೆನ್ನಿಗೆ’ ಅಂದು ರೊಕ್ಕ ಕೊಟ್ಟು ಮುಖ ಮುಚ್ಚಿಕೊಂಡು ಬಂದೆ. ಈ ಚಟ ನನಗೆ ಹತ್ತಿದ್ದು ಇಂಡಿ ಊರಿನ ಸವಾಲ ಕಾಕಾನಿಂದ.

ನನ್ನ ಊರು ಹೂವಿನ ಹಿಪ್ಪರಗಿ. ನೌಕರಿ ಸಿಕ್ಕ ಮೇಲೆ ಮೊದಲು ಹೋದದ್ದು ಇಂಡಿಗೆ, ಸರಕಾರಿ ಕನ್ನಡ ಸಾಲಿಗೆ. ಜೆಲ್ ಪೆನ್ನುಗಳು ನಮ್ಮ ಕಡೆ ಆಗಷ್ಟೇ ಕಾಣತೊಡಗಿದ್ದ ಕಾಲ. ಕಾಕಾನ ಮನೆಯ ರಸ್ತೆ ಕಡೆಯ ಕೋಣೆಯಲ್ಲಿ ಬಾಡಿಗೆಗಿದ್ದೆ. ನಡುವೆ ಒಂದು ಪಡಸಾಲಿ, ಅದರಾಚೆ ಅವರ ಅಡಿಗಿಮನಿ. ಮನೆಯಲ್ಲಿ ಇದ್ದದ್ದು ಕಾಕಾ ಮತ್ತು ಅವರ ಹೆಂಡತಿ ಕಾಕು ಇಬ್ಬರೇ. ಒಬ್ಬಳೇ ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದರು. ಕಾಕಾನ ಖರೇ ಹೆಸರು ನನಗೆ ಗೊತ್ತು, ಆದರೆ ಹೇಳುವುದಿಲ್ಲ. ಆ ಮನೆಯಲ್ಲಿ ಹೆಸರು ಹೇಳುವುದು ಸಣ್ಣ ಮಾತಾಗಿರಲಿಲ್ಲ.

ಕಾಕಾ ಲಿಂಬಿಕಾಯಿ ಮಾರ್ಕೆಟ್ಟಿನಲ್ಲಿ ಹರಾಜಿನ ಸವಾಲು ಕೂಗುವವರು. ಚೀಲಗಳ ಸಾಲಿನ ಮುಂದೆ ನಿಂತು, ಹೆಗಲ ಮೇಲಿನ ಟವೆಲ್ಲನ್ನು ಎಡಗೈಗೆ ಸುತ್ತಿಕೊಂಡು ದರ ಏರಿಸುತ್ತ ಹೋಗುವುದು ಅವರ ಕೆಲಸ. ‘ಎರಡನೂರಾ ಹತ್ತು, ಎರಡನೂರಾ ಹತ್ತು, ಯಾಕ, ಬಾಯಿಗೆ ಬೀಗ ಹಾಕ್ಕೊಂಡು ಬಂದೀರೇನು? ಲಿಂಬಿ ನೋಡ್ರಿ, ಹೊಸಾ ಮದಿಮಗಳ ಮಾರಿಗಿಂತ ಹಳದಿ ಅದಾವ!’ ಅವರು ಅಲ್ಲಿ ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವವರಿಗೆ ಆ ದಿನದ ದರ ಗೊತ್ತಾಗುತ್ತದೆ ಎಂದು ಊರಲ್ಲಿ ಮಾತಿತ್ತು. ಮನೆಗೆ ಬಂದರೂ ದನಿ ಇಳಿಯುತ್ತಿರಲಿಲ್ಲ. ಉಪ್ಪು ಕೇಳಿದರೂ ಓಣಿಗೆಲ್ಲ ಕೇಳುತ್ತಿತ್ತು. ನಾನು ಬಾಡಿಗೆಗೆ ಬಂದ ಹೊಸದರಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಮಕ್ಕಳ ವಹಿ ನೋಡುತ್ತಿದ್ದೆ.

ಅಂಥ ಗಂಟಲಲ್ಲಿ ಗಂಟು ಬಂತು. ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿ ದನಿಯ ಪೆಟ್ಟಿಗೆಯನ್ನೇ ತೆಗೆದರು. ಕಾಕಾ ಕೊರಳಿಗೊಂದು ಬಿಳಿ ಅರಿವೆ ಕಟ್ಟಿಕೊಂಡು ಬಂದು ಪಡಸಾಲಿಯ ಕಂಬಕ್ಕೆ ಆತುಕೊಂಡು ಕುಳಿತರು. ನಾಲಿಗೆ ಇತ್ತು, ಹಲ್ಲಿದ್ದವು, ತುಟಿ ಅಲ್ಲಾಡುತ್ತಿದ್ದವು, ಸದ್ದು ಮಾತ್ರ ಇಲ್ಲ. ನೋಡಲು ಬಂದ ಯಾರೋ ಬೀಗರು ಬರೆಯಲಿ ಎಂದು ಒಂದು ಪಾಟಿ ತಂದುಕೊಟ್ಟರು, ಸಣ್ಣ ಮಕ್ಕಳ ಕರೀ ಪಾಟಿ, ಕಟ್ಟಿಗೆ ಚೌಕಟ್ಟಿನದು. ಕಾಕಾ ಅದನ್ನು ಒಂದು ಗಳಿಗೆ ನೋಡಿದರು. ಎದ್ದು ಹೋಗಿ ನೀರಿನ ಕೊಡದ ಮೇಲೆ ಮುಚ್ಚಿ ಬಂದು ಕುಳಿತರು. ಆ ಪಾಟಿ ಕಡೆತನಕ ಕೊಡದ ಮುಚ್ಚಳವೇ ಆಗಿತ್ತು.

ಆಮೇಲೆ ಅಳಿಯ ಒಂದು ಶಾಯಿ ಪೆನ್ನು, ಒಂದು ಉದ್ದನೆಯ ವಹಿ ಕಳಿಸಿದ. ಕಾಕಾ ಕಲಿತದ್ದು ನಾಲ್ಕನೆಯ ಇಯತ್ತೆ. ಜನ್ಮದಲ್ಲಿ ಅವರು ಬರೆದದ್ದೆಂದರೆ ಮಗಳಿಗೆ ಹಾಕಿದ ಕಾಗದಗಳು, ಅದೂ ಹಬ್ಬಕ್ಕೆ ಕರೆಯುವುದಿದ್ದಾಗ. ಬರೆಯುವುದಂದರೆ ಹೇಗಿರಬೇಕು ಎಂಬುದು ಅವರಿಗೆ ಅಷ್ಟೇ ಗೊತ್ತು. ಕಾಕುಗೆ ಓದು ಬರುತ್ತಿರಲಿಲ್ಲ, ಓದಿ ಹೇಳಲು ನನ್ನನ್ನು ಕರೆದರು. ಹೆಂಡತಿಗೆ ಕಾಕಾ ಬರೆದ ಮೊದಲ ಮಾತು ಇದು:

‘ಚಿ. ಸೌ. ಇವಳಿಗೆ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ. ತರುವಾಯ ಕಾರಣವೇನೆಂದರೆ, ಚಹಾದಲ್ಲಿ ಸಕ್ಕರೆ ಕಡಿಮೆ ಬಿದ್ದಿರುತ್ತದೆ. ಹಾಕಿ ಕೊಡುವುದು.’

ಬರೆದು ಮುಗಿಯುವುದರಲ್ಲಿ ಚಹಾದ ಮೇಲೆ ಕೆನೆ ಕಟ್ಟಿತ್ತು. ನಾನು ಗಂಭೀರವಾಗಿ ಪೂರಾ ಓದಿದೆ. ಕಾಕು ಸೆರಗು ಬಾಯಿಗಿಟ್ಟುಕೊಂಡು ಕೇಳಿದರು. ನಗುತ್ತಾರೆ ಅಂದುಕೊಂಡಿದ್ದೆ, ಅವರು ಅಳುತ್ತಿದ್ದರು.

‘ಇದು ಯಾರ ಮಾತ್ರಿ ಅಕ್ಕೋರ? ನಮ್ಮ ಮನಿಯವ್ರು ಹಿಂಗ ಮಾತಾಡೂದಿಲ್ಲ. ಯಾರೋ ಪರದೇಶಿ ಮನಷಾ ಮನ್ಯಾಗ ಬಂದು ಕುಂತಂಗ ಆಗೇತಿ.’

ಕಾಕಾನ ಮುಖ ಬಾಡಿತು. ನಾನು ಹೇಳಿದೆ, ‘ಕಾಕಾರ, ಆಡಿದಂಗ ಬರೀರಿ. ಸಕ್ರಿ ಕಮ್ಮಿ ಆಗೇತಿ ಅಂತ ಅಷ್ಟ ಬರೀರಿ.’ ಅವರು ತಲೆ ಅಲ್ಲಾಡಿಸಿ ಬರೆದರು: ‘ಅದು ತಪ್ಪಾಗುತ್ತದೆ. ನೀವೇ ಸಾಲೆಯಲ್ಲಿ ಕೆಂಪು ಗೀಟು ಹೊಡೆಯುವಿರಿ.’ ಮತ್ತೆ ಪೆನ್ನು ತಡೆದು, ಅತ್ತಿತ್ತ ನೋಡಿ, ಕೆಳಗೆ ಸಣ್ಣಗೆ ಬರೆದರು: ‘ನಾಚಿಕಿ ಬರ್ತೈತ್ರಿ. ಧೋತರ ಬಿಟ್ಟು ಸಂತಿಗೆ ಹೋದಂಗ ಆಕ್ಕೈತಿ.’ ಬರೆದದ್ದನ್ನು ತಾವೇ ನೋಡಿಕೊಂಡು ಭುಜ ಕುಣಿಸಿ ನಕ್ಕರು. ನಾನು ಅದನ್ನು ಓದಿ ಹೇಳಿದ ಕೂಡಲೆ ಕಾಕು ಅಡಿಗಿಮನಿಯಿಂದ ಓಡಿ ಬಂದರು. ‘ಹಾಂ, ಈಗ ಬಂದ್ರು ನೋಡ್ರಿ, ನಮ್ಮ ಮನಿಯವ್ರು’ ಅಂದರು.

ಆವತ್ತು ನಾನು ನಕ್ಕೆ. ಕೆಂಪು ಗೀಟಿನ ಮಾತು ಚುಚ್ಚಿದ್ದು ಮಾತ್ರ ಖರೆ. ನಾನೂ ಇದೇ ನೆಲದವಳು, ಮನೆಯಲ್ಲಿ ‘ಐತಿ’ ಅಂತಲೇ ಮಾತಾಡಿ ಬೆಳೆದವಳು. ಹಗಲೆಲ್ಲ ‘ಐತಿ’ ಎಂದು ಬರೆದ ಮಕ್ಕಳ ವಹಿಯಲ್ಲಿ ಅದನ್ನು ಹೊಡೆದು ‘ಇದೆ’ ಮಾಡುತ್ತಿದ್ದೆ. ಈ ಬರಹವನ್ನೂ ಪುಸ್ತಕದ ಮಾತಿನಲ್ಲೇ ಬರೆಯುತ್ತಿದ್ದೇನಲ್ಲ, ಏನು ಮಾಡುವುದು, ಕೈಗೆ ಬಿದ್ದ ರೂಢಿ.

ಆಡಿದಂತೆ ಬರೆಯತೊಡಗಿದ ಮೇಲೆ ಕಾಕಾಗೆ ಬೇರೆ ಪೀಕಲಾಟ ಶುರುವಾಯಿತು. ಅವರ ಮಾತಿನ ಓಟಕ್ಕೆ ಶಾಯಿ ಪೆನ್ನು ಸಾಲಲಿಲ್ಲ. ಕೈ ಬೀಸಿದರೆ ಗೋಡೆಗೆ ಚಿಕ್ಕಿ ಹಾರುತ್ತಿದ್ದವು, ಕಿಸೆಯಲ್ಲಿಟ್ಟರೆ ಅಂಗಿ ನೀಲಿಯಾಗುತ್ತಿತ್ತು. ಉದ್ದನೆಯ ವಹಿಯನ್ನು ಬಗಲಲ್ಲಿ ಇಟ್ಟುಕೊಂಡು ಓಣಿಯಲ್ಲಿ ಹೊರಟರೆ ಜನ ‘ಯಾವ ಇಯತ್ತೇಕ ಹೆಸರು ಹಚ್ಚೀದಿ?’ ಎಂದು ಚಾಷ್ಟಿ ಮಾಡುತ್ತಿದ್ದರು. ಆ ಮನುಷ್ಯ ಊರನ್ನೆಲ್ಲ ಚಾಷ್ಟಿ ಮಾಡಿದವರು. ತಿರುಗಿ ಬರೆದು ತೋರಿಸುವುದರಲ್ಲಿ ಚಾಷ್ಟಿ ಮಾಡಿದವನು ಮನೆ ಮುಟ್ಟಿರುತ್ತಿದ್ದ. ಒಂದು ದಿನ ಸಾಲಿ ಬಿಟ್ಟ ಮೇಲೆ ನನ್ನನ್ನು ಕರೆದುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ವಹಿ ಅಂಗಡಿಗೆ ಹೋದರು.

ಅಂಗಡಿಯ ಸಾವಕಾರರು ಹಳೆಯ ಪರಿಚಯದವರು. ಪೆನ್ನುಗಳನ್ನೆಲ್ಲ ಹರವಿದರು. ಕಾಕಾ ಒಂದೊಂದನ್ನೇ ಎತ್ತಿಕೊಂಡು ರದ್ದಿ ಹಾಳೆಯ ಮೇಲೆ ಬರೆಯುತ್ತ ಹೋದರು. ‘ಮಂಗ್ಯಾನ ಮಗನ. ಮಂಗ್ಯಾನ ಮಗನ.’ ಸಾವಕಾರರು ಬಗ್ಗಿ ಓದಿದರು.

‘ಇದೇನೋ ಮಾರಾಯಾ, ಶ್ರೀ ಬರಿ, ನಿನ್ನ ಹೆಸರ ಬರಿ.’

ಕಾಕಾ ಬರೆದರು: ‘ಬೈಯಾಕ ಬರಲಾರದ ಪೆನ್ನು ತಗೊಂಡು ಏನ್ ಮಾಡ್ಲಿ? ಬಾಯಿ ಎಷ್ಟು ಜಲ್ದಿ ಬೈತಿತ್ತು, ಇದು ಅಷ್ಟು ಜಲ್ದಿ ಬೈಬೇಕು.’

ಜೆಲ್ ಪೆನ್ನು ನುಣ್ಣಗೆ ಓಡಿತು. ಸಾವಕಾರರು ಹೊಸ ಮಾಲು ಎಂದು ಹೊಗಳಿದರು. ಕಾಕಾ ಅದನ್ನು ಒತ್ತಿ ಬರೆದು ನೋಡಿದರು, ಮೆಲ್ಲಗೆ ಬರೆದು ನೋಡಿದರು. ಎರಡೂ ಒಂದೇ ರೀತಿ ಕಂಡವು. ಬೆವರಿದ ಬೆರಳು ತಾಗಿ ಬೈಗುಳ ಅರ್ಧ ಅಳಿಸಿಯೂ ಹೋಯಿತು. ಬೇಡ ಎಂದು ಪಕ್ಕಕ್ಕಿಟ್ಟರು. ಕಡೆಗೆ ಒಂದು ಅಗ್ಗದ ಬಾಲ್ ಪೆನ್ನು ಹಿಡಿದರು, ಮೇಲೆ ಒತ್ತಿದರೆ ಟಕ್ ಅನ್ನುವಂಥದು. ಮೆಲ್ಲಗೆ ಬರೆದರೆ ಅಕ್ಷರ ತೆಳ್ಳಗೆ ಬಂದವು, ಒತ್ತಿ ಬರೆದರೆ ದಪ್ಪಗೆ, ಹಾಳೆಯೊಳಗೆ ಇಳಿದು ಬಂದವು. ಕಾಕಾನ ಮುಖ ಅರಳಿತು. ನನ್ನ ಕಡೆ ತಿರುಗಿ ಬರೆದು ತೋರಿಸಿದರು: ‘ಇದು ಒದರತೈತಿ.’

ವಹಿಯದೂ ಅಷ್ಟೇ ಪರೀಕ್ಷೆ. ತಂತಿ ಸುತ್ತಿದ ಕಿಸೆ ವಹಿ ಬೇಡ, ತಂತಿಗೆ ಅಂಗಿಯ ನೂಲು ಸಿಗುತ್ತದೆ. ರಟ್ಟಿನದು ಬೇಡ, ಕುಂತರೆ ಎದೆಗೆ ಚುಚ್ಚುತ್ತದೆ. ಮೇಲಕ್ಕೆ ಮಗುಚುವ, ಅಂಗೈಯಷ್ಟಿನ, ಪಿನ್ನು ಹೊಡೆದ ವಹಿ ಒಪ್ಪಿಗೆಯಾಯಿತು. ಸಾವಕಾರರು ಅದರಲ್ಲೇ ದಪ್ಪ ಹಾಳೆಯದನ್ನು ಕೊಡಹೋದರು. ‘ಇದು ತಗೋ, ತೆಳ್ಳಂದ್ರಾಗ ಬರದಿದ್ದು ಹಿಂದ ಉಬ್ಬತೈತಿ.’ ಕಾಕಾ ಎರಡರಲ್ಲೂ ಒತ್ತಿ ಬರೆದರು, ಹಾಳೆ ಮಗುಚಿ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದರು, ತೆಳ್ಳನೆಯದನ್ನೇ ಕಿಸೆಗೆ ಹಾಕಿಕೊಂಡರು. ಯಾಕೆ ಅಂತ ಆಗ ನನಗೆ ತಿಳಿಯಲಿಲ್ಲ. ಜಿಪುಣತನ ಅಂದುಕೊಂಡೆ.

ಆ ಟಕ್ ಟಕ್ ಪೆನ್ನು ಅವರ ಕೂಗೂ ಆಯಿತು. ನನ್ನನ್ನು ಕರೆಯಲು ಒಂದು ಟಕ್, ಕಾಕುವನ್ನು ಕರೆಯಲು ಎರಡು. ‘ಮದಲು ಏ ಅಂತಿದ್ರು, ಈಗ ಟಕ್ ಟಕ್ ಅಂತಾರ. ನನ್ನ ಹಣೇಬರ ನೋಡ್ರಿ’ ಎಂದು ಕಾಕು ಗೊಣಗುತ್ತ ಕೈ ಒರೆಸಿಕೊಂಡು ಬರುತ್ತಿದ್ದರು.

ಇನ್ನು ನನ್ನ ಪಾಡು. ನನಗಿನ್ನೂ ಮದುವೆಯಾಗಿರಲಿಲ್ಲ. ಸಂಜೆಯಾದರೆ ಗಂಡನ ಮಾತನ್ನು ಹೆಂಡತಿಗೆ ಹೇಳುವ ಬಾಯಿ ನನ್ನದಾಗಬೇಕು. ‘ಏ ಹುಚ್ಚಿ, ರಾತ್ರಿ ಹೊದಿಕಿ ಎಲ್ಲಾ ನೀ ಒಬ್ಬಾಕೀನ ಎಳಕೊಂಡಿ’ ಎಂದು ಬರೆದಿರುತ್ತಿದ್ದರು. ಅದನ್ನು ನಾನು ಕಾಕುಗೆ ಎದುರು ಕುಳಿತು ಓದಬೇಕು. ಕಿವಿ ಬಿಸಿಯಾಗುತ್ತಿತ್ತು, ಕಣ್ಣು ವಹಿ ಬಿಟ್ಟು ಏಳುತ್ತಿರಲಿಲ್ಲ. ಕಾಕಾ ನನ್ನ ಸಂಕಟ ನೋಡಿ ಕಂಬದ ಕಡೆ ಮುಖ ತಿರುಗಿಸುತ್ತಿದ್ದರು. ಮೂವರೂ ನಾಚಿಕೊಂಡು ಕೂತ ಮನೆ ಅದು. ಬರಬರುತ್ತ ನಾನು ಮಾತು ಮೆತ್ತಗೆ ಮಾಡಿ ಓದತೊಡಗಿದೆ. ಒಂದು ಸಲ ಕಾಕು ಔಷಧದ ಹೊತ್ತು ಮರೆತು ಮಗ್ಗುಲು ಮನೆಗೆ ಹರಟೆಗೆ ಹೋಗಿದ್ದರು. ಕಾಕಾ ಒಂದು ಹಾಳೆ ತುಂಬ ಬರೆದರು. ನಾನು ‘ಔಷಧದ ವ್ಯಾಳ್ಯಾ ಆಗೇತಿ, ಎಲ್ಲಿ ಹೋಗಿದ್ದಿ?’ ಎಂದಷ್ಟೇ ಓದಿದೆ.

ಕಾಕು ನನ್ನ ಕೈಯಿಂದ ವಹಿ ತೆಗೆದುಕೊಂಡರು. ಹಾಳೆ ಮಗುಚಿ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದರು. ಅಕ್ಷರಗಳು ಅಲ್ಲಿ ದದ್ದು ಎದ್ದಂತೆ ಎದ್ದಿದ್ದವು.

‘ಇಷ್ಟು ಒತ್ತಿ ಬರದಾರ. ನೀವು ನೋಡಿದ್ರ ಜೋಗುಳ ಹಾಡಿದಂಗ ಓದಾಕತ್ತೀರಿ. ಬೈದಿದ್ದು ಬೈದಂಗ ಹೇಳ್ರಿ ಅಕ್ಕೋರ. ನಂಗ ಬೈಯಾಕ ಮತ್ಯಾರ ಅದಾರ?’

ಓದಿದೆ. ಮಂಗ್ಯಾನ ಮಗಳ ಎಂಬಲ್ಲಿಂದ ಹಿಡಿದು ಕೊನೆಯ ತನಕ ಓದಿದೆ. ಕಾಕು ಹಾಯಾಗಿ ಉಸಿರು ಬಿಟ್ಟು ಔಷಧ ತರಲು ಎದ್ದರು. ತೆಳ್ಳನೆಯ ಹಾಳೆ ಯಾಕೆ ಬೇಕಾಗಿತ್ತು ಎಂದು ಆವತ್ತು ತಿಳಿಯಿತು. ಓದು ಬಾರದ ಹೆಂಡತಿಗೆ ದನಿಯ ಏರು ತಗ್ಗಾದರೂ ನೇರ ಮುಟ್ಟಲಿ ಎಂದು ಆ ಮನುಷ್ಯ ಅಂಗಡಿಯಲ್ಲೇ ಲೆಕ್ಕ ಹಾಕಿದ್ದರು. ನಾನು ಜಿಪುಣ ಅಂದುಕೊಂಡಿದ್ದೆ.

ಕಾಕುಗೆ ಒಂದೇ ಒಂದು ದೂರು ಇತ್ತು, ಅದನ್ನು ಅವರು ರೊಟ್ಟಿ ಬಡಿಯುವಾಗ ಹೇಳುತ್ತಿದ್ದರು. ನಮ್ಮ ಕಡೆ ಗಂಡ ಹೆಂಡತಿ ಒಬ್ಬರೊಬ್ಬರ ಹೆಸರು ಹಿಡಿದು ಕರೆಯುವುದಿಲ್ಲ. ಹೇಳುವುದಿದ್ದರೆ ಒಡಪಿನಲ್ಲಿ ಹೇಳಬೇಕು, ಪ್ರಾಸ ಹಾಕಿದ ಎರಡು ಸಾಲು, ಕೊನೆಗೆ ಹೆಸರು. ಲಗ್ನದಲ್ಲಿ, ಬಸುರಿಯ ಕುಬಸದಲ್ಲಿ ಬಾಗಿಲು ತಡೆದು ಹೇಳಿಸುತ್ತಾರೆ.

‘ನಾ ಎಷ್ಟೋ ಸಲ ಹೇಳೇನ್ರಿ ಅವ್ರ ಹೆಸರು. ಅವ್ರು ಒಂದ ಸಲಾನೂ ನಂದು ಹೇಳಿಲ್ಲ. ಲಗ್ನದಾಗ ಬಾಗಲಾ ತಡದು ಹೇಳಂದ್ರ, ನಾಚಿಕಿ ಬಂದು ಗ್ವಾಡಿ ಜಿಗದು ಹಿತ್ತಲ ಕಡಿಂದ ಒಳಗ ಬಂದ್ರು. ಇಡೀ ಮಾರ್ಕೆಟ್ಟಿಗೆ ಕೇಳೂ ಗಂಟಲು. ಅದರಾಗ ನನ್ನ ಹೆಸರು ಒಂದ ಬರಲಿಲ್ಲ. ಈಗ ಗಂಟಲಾನೂ ಹೋತು.’

ಕಾಕಾ ಪಡಸಾಲಿಯಲ್ಲಿ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಟಕ್ ಎಂದೂ ಅನ್ನುತ್ತಿರಲಿಲ್ಲ.

ಗಂಟು ಮತ್ತೆ ಬಂತು. ಸೊಲ್ಲಾಪುರಕ್ಕೆ ಮರಳಿ ಹೋಗುವ ಹಿಂದಿನ ಸಂಜೆ ಕಾಕು ದಾರಿಗೆ ರೊಟ್ಟಿ ಬಡಿಯುತ್ತ, ಶೇಂಗಾ ಹಿಂಡಿ ಚಟ್ನಿಯ ಜೊತೆ ಚೀಲಕ್ಕೆ ಕಟ್ಟುತ್ತಿದ್ದರು. ನಾನು ನನ್ನ ಕೋಣೆಯಲ್ಲಿ ಮಕ್ಕಳ ವಹಿ ತಿದ್ದುತ್ತ ಕೆಂಪು ಪೆನ್ನು ಹಿಡಿದು ಕುಳಿತಿದ್ದೆ. ಬಾಗಿಲಲ್ಲಿ ಒಂದು ಟಕ್, ಆಮೇಲೆ ಎರಡು ಟಕ್ ಕೇಳಿಸಿತು. ಕಾಕಾ ನಿಂತಿದ್ದರು. ಕಾಕು ಹಿಂದೆ ಬಂದು, ಹಿಟ್ಟಿನ ಕೈಯಲ್ಲೇ ನಿಂತರು. ಕಾಕಾ ವಹಿ ನನ್ನ ಮುಂದೆ ಹಿಡಿದರು. ಎರಡು ಸಾಲಿತ್ತು. ಒಡಪು. ಕೊನೆಗೆ ಕಾಕುವಿನ ಹೆಸರಿತ್ತು.

ಹೆಸರಿನಲ್ಲಿ ಒಂದು ಮಹಾಪ್ರಾಣ ಬಿಟ್ಟಿದ್ದರು. ನಮ್ಮ ಮಾತಿನಲ್ಲಿ ಅದು ಬರುವುದೂ ಇಲ್ಲ. ನನ್ನ ಕೈಯಲ್ಲಿ ಕೆಂಪು ಪೆನ್ನಿತ್ತಲ್ಲ, ಹೇಗೆ ಹೇಳಲಿ, ಕೈ ತನ್ನಷ್ಟಕ್ಕೆ ತಾನೇ ಹೋಗಿ ಆ ಅಕ್ಷರದ ಹೊಟ್ಟೆಯ ಕೆಳಗೆ ಸಣ್ಣ ಗೀಟು ಎಳೆಯಿತು. ಎಳೆದ ಮೇಲೆ ಏನು ಮಾಡಿದೆ ಎಂದು ತಿಳಿಯಿತು. ತಲೆ ಎತ್ತಲು ಆಗಲಿಲ್ಲ. ಅವರು ‘ಮಂಗ್ಯಾನ ಮಗಳ’ ಎಂದು ಬರೆದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಸಿಟ್ಟಾಗಲಿಲ್ಲ. ವಹಿ ತೆಗೆದುಕೊಂಡು ಆ ಹಾಳೆ ಕಿತ್ತು ಕಿಸೆಯಲ್ಲಿಟ್ಟರು. ನನ್ನ ಬಾಗಿಲ ಚೌಕಟ್ಟಿಗೆ ವಹಿ ಆನಿಸಿ ಮತ್ತೆ ಅದೇ ಎರಡು ಸಾಲು ಬರೆದರು, ಹೆಸರನ್ನು ಮೊದಲಿನಂತೆಯೇ, ಇನ್ನೂ ಒತ್ತಿ. ಕೆಳಗೆ ನನಗಾಗಿ ಒಂದು ಸಾಲು: ‘ಅಕ್ಕೋರ, ಆಕಿ ಹೆಸರು ನನ್ನ ಬಾಯಾಗ ಹಿಂಗ ಐತಿ.’

ಓದಿರಿ ಎಂದು ಸನ್ನೆ ಮಾಡಿದರು. ನಾನು ಮೊದಲ ಸಾಲು ಅರ್ಧ ಓದಿರಬಹುದು, ಅದರ ನಡೆ ಕೇಳಿಯೇ ಕಾಕುಗೆ ಒಡಪು ಎಂದು ತಿಳಿದುಬಿಟ್ಟಿತು. ಮುಂದೆ ಬಂದು ಹಿಟ್ಟಿನ ಕೈ ನನ್ನ ಬಾಯಿಯ ಮೇಲಿಟ್ಟರು.

‘ಬ್ಯಾಡ್ರಿ ಅಕ್ಕೋರ. ಇದು ನಿಮ್ಮ ಬಾಯಾಗ ಬ್ಯಾಡ.’ ಆಮೇಲೆ ಗಂಡನ ಕಡೆ ತಿರುಗಿ, ‘ಯಾವುದ್ರಿ ಅದು, ನಂದು?’ ಅಂದರು.

ಕಾಕಾ ಹಾಳೆ ಮಗುಚಿದರು. ಹೆಂಡತಿಯ ಹೆಬ್ಬೆರಳು ಹಿಡಿದು ಹಾಳೆಯ ಬೆನ್ನಿನ ಮೇಲೆ, ಸಾಲಿನ ಕಡೆಗೆ, ಉಬ್ಬಿದ ಜಾಗದಲ್ಲಿ ಇಟ್ಟರು. ಕಾಕು ಅತ್ತಿಂದಿತ್ತ ಸವರಿದರು. ಸೆರಗು ತಲೆ ಮೇಲೆ ಎಳೆದುಕೊಂಡು ನೆಲ ನೋಡುತ್ತ ನಿಂತರು. ಕಾಕಾನೂ ನೆಲ ನೋಡುತ್ತಿದ್ದರು. ಎದ್ದು ಹೊರಗೆ ಹೋಗೋಣವೆಂದರೆ ಬಾಗಿಲಲ್ಲಿ ಅವರು, ಕೋಣೆ ನನ್ನದು. ನಾನು ಮಕ್ಕಳ ವಹಿಗಳನ್ನು ಸುಮ್ಮನೆ ಮೇಲೆ ಕೆಳಗೆ ಮಾಡುತ್ತ ಕುಳಿತೆ. ಆ ಒಡಪು ನನಗೆ ಇವತ್ತಿಗೂ ಬಾಯಿಪಾಠ ಇದೆ. ಅದರಲ್ಲಿ ಲಿಂಬಿ ಬರುತ್ತದೆ, ಅಷ್ಟು ಹೇಳಬಹುದು. ಉಳಿದದ್ದು ಇಲ್ಲಿ ಬರೆಯುವುದಿಲ್ಲ.

ಕಾಕಾ ಸೊಲ್ಲಾಪುರದಿಂದ ಮರಳಿ ಬಂದರು, ಆದರೆ ಬಹಳ ದಿನ ಉಳಿಯಲಿಲ್ಲ. ನನಗೆ ಸಿಂದಗಿಗೆ ವರ್ಗವಾಯಿತು, ಅಲ್ಲೇ ಮದುವೆಯೂ ಆಯಿತು. ಒಂದು ಬೇಸಿಗೆ ಕಾಕು ಮುದ್ದೇಬಿಹಾಳಕ್ಕೆ ಮಗಳ ಕಡೆ ಹೊರಟವರು ಸಿಂದಗಿಯಲ್ಲಿ ಇಳಿದು ನಮ್ಮ ಮನೆ ಹುಡುಕಿಕೊಂಡು ಬಂದರು. ನೀರು ಕುಡಿದು, ಎಲೆ ಅಡಿಕೆಯ ಸಂಚಿ ಬಿಚ್ಚಿದರು. ಒಳಗಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದರು. ನನಗೆ ಗುರುತು ಹತ್ತಿತು, ಕಾಕಾ ಎರಡನೆಯ ಸಲ ಬರೆದ ಒಡಪು. ಅಂಚು ಸವೆದು ಅರಿವೆಯಂತೆ ಮೆತ್ತಗಾಗಿತ್ತು.

‘ಇದನ್ನೊಂದೀಟು ತಿದ್ದಿ ಕೊಡ್ರಿ ಅಕ್ಕೋರ.’

ನನ್ನ ಮುಖ ಸುಟ್ಟಂತಾ‌ಯಿತು. ಕೆಂಪು ಗೀಟಿನದು ಅವರಿಗೆ ಗೊತ್ತಿತ್ತೋ ಇಲ್ಲವೋ. ‘ಅದರಾಗ ತಿದ್ದೂದು ಏನೂ ಇಲ್ರಿ ಕಾಕು. ಎಲ್ಲಾ ಬರೋಬ್ಬರಿ ಐತಿ’ ಅಂದೆ.

‘ಅಯ್ಯ, ಹಂಗಲ್ರಿ. ಸಾಲ್ಯಾಗ ಸಣ್ಣ ಹುಡುಗೋರು ಅ ಆ ತಿದ್ದತಾವಲ್ರಿ, ಬರದಿದ್ದರ ಮ್ಯಾಲ ಮತ್ತ ಬರೀತಾವಲ್ಲ, ಹಂಗ. ಮುಟ್ಟಿ ಮುಟ್ಟಿ ಉಬ್ಬು ಸವದೈತಿ. ಕೈಗೆ ಹತ್ತವಲ್ದು.’

ತಪ್ಪು ಹೊಡೆದು ಸರಿ ಮಾಡುವುದಕ್ಕೂ ನಾವು ತಿದ್ದುವುದು ಅಂತೇವೆ, ಇನ್ನೊಬ್ಬರು ಬರೆದ ಅಕ್ಷರದ ಮೇಲೆ ಹಾಗೇ ಬರೆದು ಕಲಿಯುವುದಕ್ಕೂ ತಿದ್ದುವುದು ಅಂತೇವೆ. ಅಷ್ಟು ವರ್ಷ ನೌಕರಿ ಮಾಡಿ ನಾನು ಮೊದಲನೆಯದನ್ನಷ್ಟೇ ಮಾಡಿದ್ದೆ. ಒಳಗೆ ಹೋಗಿ ಪೆನ್ನು ತಂದೆ, ಬಾಲ್ ಪೆನ್ನು, ನೀಲಿಯದು. ಹರಿದು ಗಿರಿದೀತು ಎಂದು ಮೊದಲು ಹಳೆಯ ಪೇಪರಿನ ಅಂಚಿಗೆ ಬರೆದು ನೋಡಿದೆ. ಕೈ ‘ಮಂಗ್ಯಾನ ಮಗನ’ ಎಂದು ಬರೆಯಿತು.

‘ಏನ್ ಬರದ್ರಿ?’

ಓದಿ ಹೇಳಿದೆ. ಕಾಕು ಬಹಳ ದಿನದ ಮೇಲೆ ನಕ್ಕಂತೆ ನಕ್ಕರು. ‘ಹಂಗಾದ್ರ ಇದ ಪೆನ್ನು ಬರೋಬ್ಬರಿ ಐತಿ. ಬರೀರಿ’ ಅಂದರು.

ಹಾಳೆಯನ್ನು ಮಡಿಚಿದ ಟವೆಲ್ಲಿನ ಮೇಲಿಟ್ಟು ಕಾಕಾನ ಅಕ್ಷರಗಳ ಮೇಲೆ ನಿಧಾನಕ್ಕೆ ತಿದ್ದುತ್ತ ಹೋದೆ. ಅವರ ‘ರ’ ಡೊಂಕಿದ್ದರೆ ಡೊಂಕೇ, ಅವರ ತಲೆಕಟ್ಟು ಹಾರಿದ್ದರೆ ಹಾರಿದಂತೆಯೇ. ಹೆಸರು ಬಂತು. ಮಹಾಪ್ರಾಣ ಇಲ್ಲದ ಹೆಸರು. ಅದರ ಮೇಲೂ ಹಾಗೇ ಪೆನ್ನು ಆಡಿಸಿದೆ. ಮುಗಿಸಿ ಕೊಟ್ಟೆ. ಕಾಕು ಹಾಳೆ ಮಗುಚಿ, ಕಣ್ಣು ಮುಚ್ಚಿ, ಹೆಬ್ಬೆರಳು ಆಡಿಸಿದರು. ತಲೆ ಅಲ್ಲಾಡಿಸಿ ತಿರುಗಿ ನನ್ನ ಮುಂದಿಟ್ಟರು.

‘ಇನ್ನಷ್ಟು ಒತ್ತಿ ತಿದ್ದರಿ ಅಕ್ಕೋರ. ಅವ್ರ ದನಿ ದೊಡ್ಡದಿತ್ತು.’